ಗ್ಯಾದರಿಂಗ್ ಮುಗಿಯಿತು, ತಬಲಾ ಕೋಣೆಗೆ ಬೀಗ ಬಿತ್ತು: ಧಾರವಾಡ ಹೊರವಲಯದ ವಸತಿ ಶಾಲೆಯೊಂದರ ಪ್ರಕರಣ

ಶಾಲೆಯ ವಾರ್ಷಿಕೋತ್ಸವಕ್ಕೆ ಹುಬ್ಬಳ್ಳಿ-ಧಾರವಾಡ ಕಡೆ ಗ್ಯಾದರಿಂಗ್ ಅನ್ನುತ್ತಾರೆ. ಡಿಸೆಂಬರ್ ಕೊನೆಗೋ ಜನವರಿಗೋ ಬರುವ ಆ ಒಂದು ಸಂಜೆಗಾಗಿ ಆರು ವಾರ ಇಡೀ ಶಾಲೆ ಕುಣಿಯುತ್ತದೆ. ಮರುದಿನದ ಪ್ರಾರ್ಥನೆಯಲ್ಲೇ ‘ಇನ್ನ ಪರೀಕ್ಷೆ ಮುಗಿಯೋತನಕ ಹಾಡು-ಕುಣಿತ ಎಲ್ಲಾ ಬಂದ್’ ಎಂಬ ಘೋಷಣೆ. ತಬಲಾ ಕೋಣೆಯ ಬೀಗದ ಕೈ ಆಫೀಸಿನ ಡ್ರಾವರ್ ಸೇರುತ್ತದೆ. ನೆರೆ ಬಂದು ಹೋದಮೇಲೆ ಬರ.

ಇಲ್ಲಿ ಬಿಡಿಸಿ ನೋಡಿರುವುದು ಒಂದು ಮಾದರಿ ಪ್ರಕರಣ. ಈ ಭಾಗದ ಖಾಸಗಿ ವಸತಿ ಶಾಲೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸ್ಥಿತಿಯನ್ನು ಒಂದೇ ಶಾಲೆಯ ಒಂದು ವರ್ಷವಾಗಿ ಕಟ್ಟಿದ್ದೇವೆ. ಮಕ್ಕಳ ಸಂಖ್ಯೆ, ವೇಳೆ ಎಲ್ಲವೂ ಲೆಕ್ಕ ಕೈಗೆ ಸಿಗಲೆಂದು ಇಟ್ಟ ಮಾದರಿ ಅಂಕಿಗಳು. ಓದುವವರು ತಮ್ಮ ಶಾಲೆಯ ಅಂಕಿ ಹಾಕಿಕೊಂಡು ನೋಡಬಹುದು.

ಸ್ಥಿತಿ

ಆರರಿಂದ ಹತ್ತನೆಯ ತರಗತಿವರೆಗಿನ ಶಾಲೆ. ರಾಜ್ಯ ಪಠ್ಯಕ್ರಮ, ಇಂಗ್ಲಿಷ್ ಮಾಧ್ಯಮ. ನವಲಗುಂದ, ನರಗುಂದ, ರೋಣ, ಶಿಗ್ಗಾವಿ, ಸವಣೂರು ಕಡೆಯ ರೈತರ ಮಕ್ಕಳೇ ಹೆಚ್ಚು. ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಮಾರಿ ಬಂದ ದುಡ್ಡಿನಲ್ಲಿ ಫೀ ಕಟ್ಟುವ ಮನೆಗಳು. ಹೆಚ್ಚಿನವರು ಐದನೆಯ ತರಗತಿವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿ ಬಂದವರು.

ಎಂಟನೆಯ ತರಗತಿಯಲ್ಲಿ 40 ಮಕ್ಕಳು. ಮೊದಲ ರೂಪಣಾತ್ಮಕ ಮೌಲ್ಯಮಾಪನದ (ಶಿಕ್ಷಕರ ಬಾಯಲ್ಲಿ ಎಫ್‌ಎ-1) ನಂತರ 14 ಮಕ್ಕಳ ಹೆಸರು ‘ವೀಕ್ ಲಿಸ್ಟ್’ ಸೇರಿತು. ಸಂಜೆ 5ರಿಂದ 6.15ರವರೆಗೆ ಗಾಯನ, ತಬಲಾ, ಕಸೂತಿ, ಆಟಗಳ ವೇಳೆ. ಆ 14 ಮಕ್ಕಳನ್ನು ಅಲ್ಲಿಂದ ತೆಗೆದು ‘ಎಕ್ಸ್‌ಟ್ರಾ ಕ್ಲಾಸ್’ಗೆ ಕೂರಿಸಿದರು. ಗಣಿತ ಮೂರು ದಿನ, ಇಂಗ್ಲಿಷ್ ಮೂರು ದಿನ. ಎಫ್‌ಎ-2 ಮುಗಿದಾಗ 14ರಲ್ಲಿ 12 ಮಕ್ಕಳು ಇನ್ನೂ ಅದೇ ಪಟ್ಟಿಯಲ್ಲಿದ್ದರು. ಇತ್ತ ತಬಲಾ ವರ್ಗ ಅರ್ಧ ಖಾಲಿಯಾಗಿತ್ತು.

ಪಾಲಕರ ಸಭೆಯಲ್ಲಿ ಕೇಳಿಬರುವ ಮಾತು ಎಲ್ಲ ಕಡೆ ಒಂದೇ: ‘ಸರ್ರ, ಆ ತಬಲಾ ಬಿಡಸ್ರಿ, ಮದ್ಲ ಗಣಿತ ಹಿಡಸ್ರಿ.’ ಪಾಲಕರನ್ನು ದೂರುವುದು ಸುಲಭ. ಅವರ ಕೈಗೆ ಶಾಲೆ ಕೊಟ್ಟದ್ದು ಅಂಕಪಟ್ಟಿ ಮಾತ್ರ, ಅವರು ಅದನ್ನು ನೋಡಿಯೇ ಮಾತಾಡುತ್ತಾರೆ. ಆಡಳಿತ ಮಂಡಳಿಯ ಪ್ರಶ್ನೆಯೂ ಅದೇ ದಾರಿಯದು: ಇನ್ನೂ ಒಂದು ತಾಸು ಎಲ್ಲಿಂದ ತರುವುದು? ತಾಸು ಸಾಲದು ಎಂಬುದನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ.

ದಿನವನ್ನು ಅಳೆದದ್ದು

ಹಳೆಯ ವೇಳಾಪಟ್ಟಿ ಕಾಗದದ ಮೇಲೆ ಭರ್ಜರಿಯಾಗಿತ್ತು. 5ಕ್ಕೆ ಏಳುವುದು, 5.30ರಿಂದ 6.30 ಓದು, ಸಂಜೆ 6.30ರಿಂದ 8 ಓದು, ಊಟದ ನಂತರ 8.45ರಿಂದ 9.45 ಮತ್ತೆ ಓದು. ತರಗತಿ ಬಿಟ್ಟು ದಿನಕ್ಕೆ 210 ನಿಮಿಷ.

ಅಳೆಯುವ ವಿಧಾನ ಸರಳ. ಓದಿನ ಕೋಣೆಯಲ್ಲಿ ಹಿಂದೆ ಒಬ್ಬರು ಕೂರುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ, ಆ ಕ್ಷಣಕ್ಕೆ ನಿಜವಾಗಿ ಓದುತ್ತಿರುವವರು, ಬರೆಯುತ್ತಿರುವವರು ಎಷ್ಟು ಜನ ಎಂದು ಎಣಿಸಿ ಬರೆದುಕೊಳ್ಳುತ್ತಾರೆ. ಗದರುವುದಿಲ್ಲ, ಎಬ್ಬಿಸುವುದಿಲ್ಲ. ಆರು ದಿನ ಸಾಕು. ವಾರ್ಡನ್ನರೇ ಎಣಿಸಿದರೆ ಮಕ್ಕಳು ನೆಟ್ಟಗೆ ಕೂತುಬಿಡುತ್ತಾರೆ. ಆದ್ದರಿಂದ ಮಕ್ಕಳು ಹೆದರದ ಒಬ್ಬರನ್ನು, ಗ್ರಂಥಪಾಲಕರನ್ನೋ ಚಿತ್ರಕಲಾ ಶಿಕ್ಷಕರನ್ನೋ, ಕೂರಿಸಬೇಕು. ಸಂಜೆಯ ಮೊದಲ ಮುಕ್ಕಾಲು ತಾಸಿನಲ್ಲಿ 40ರಲ್ಲಿ 30ರಷ್ಟು ಮಕ್ಕಳು ಕೆಲಸದಲ್ಲಿದ್ದರು. ರಾತ್ರಿ 9.15 ದಾಟಿದ ಮೇಲೆ 15. ಆ 15ರಲ್ಲೂ ಹಲವರದು ಪಕ್ಕದವರ ನೋಟ್ಸ್ ನಕಲು.

ಬೆಳಗಿನ ತಾಸಿನ ಕಥೆ ಬೇರೆ. ಅಲ್ಲಿ ಓದು ತಿಂದದ್ದು ಬಚ್ಚಲುಮನೆ. ಒಂದು ಮಹಡಿಯಲ್ಲಿ 60 ಮಕ್ಕಳು, 6 ಬಚ್ಚಲು. ಒಬ್ಬರಿಗೆ 10 ನಿಮಿಷ ಹಿಡಿದರೂ 10 ಸರದಿ, 100 ನಿಮಿಷ. 6.30ಕ್ಕೆ ಸ್ನಾನ ಶುರು ಮಾಡಿದರೆ 8ರ ನಾಷ್ಟಾ ತಪ್ಪುತ್ತದೆ ಎಂದು ಮಕ್ಕಳು 5ಕ್ಕೇ ಬಕೆಟ್ ಇಟ್ಟು ಸರದಿ ಹಿಡಿಯುತ್ತಿದ್ದರು. ಸೋಲಾರ್ ಬಿಸಿನೀರು ಮೊದಲು ಹೋದವರಿಗೆ ಮಾತ್ರ ಎಂಬುದೂ ಒಂದು ಕಾರಣ. ಧಾರವಾಡದ ಜುಲೈ ಮಳೆಯಲ್ಲಿ ತಣ್ಣೀರಿಗೆ ಯಾರು ಕಾಯುತ್ತಾರೆ? ಓದಿನ ಕೋಣೆಯಲ್ಲಿ ಪುಸ್ತಕ, ಬಚ್ಚಲ ಬಾಗಿಲಲ್ಲಿ ಮನಸ್ಸು.

ನಿದ್ದೆಯ ಲೆಕ್ಕ ಇದಕ್ಕಿಂತ ಕೆಟ್ಟದಾಗಿತ್ತು. ದೀಪ ಆರುವುದು 10.15 ಎಂದಿದ್ದರೂ ಮಾತು ನಿಂತು ಕಣ್ಣು ಮುಚ್ಚುವಾಗ 10.30. ಅಲ್ಲಿಂದ 5ರವರೆಗೆ ಆರೂವರೆ ತಾಸು. 13ರಿಂದ 18ರ ವಯಸ್ಸಿಗೆ 8ರಿಂದ 10 ತಾಸು, 6ರಿಂದ 12ರವರಿಗೆ 9ರಿಂದ 12 ತಾಸು ನಿದ್ದೆ ಬೇಕೆಂಬುದು ನಿದ್ರಾತಜ್ಞರ ಸಾಮಾನ್ಯ ಶಿಫಾರಸು. ಬೆಳಿಗ್ಗೆ ಮೂರನೆಯ ಅವಧಿಗೆ ತೂಕಡಿಸುವ ಹುಡುಗನನ್ನು ‘ಲಕ್ಷ್ಯ ಇಲ್ಲ’ ಎಂದು ವೀಕ್ ಲಿಸ್ಟಿಗೆ ಸೇರಿಸಿ, ಮತ್ತೊಂದು ತಾಸು ಹೆಚ್ಚು ಕೂರಿಸುವುದೆಂದರೆ ಹಸಿದವನಿಗೆ ಉಪವಾಸದ ಔಷಧ ಕೊಟ್ಟಂತೆ.

ಬದಲಿಸಿದ್ದು ಹೀಗೆ. ದಿನ ಬಿಟ್ಟು ದಿನ ಅರ್ಧ ಮಕ್ಕಳಿಗೆ ಆಟ, ಅರ್ಧ ಮಕ್ಕಳಿಗೆ ಕಲೆ. ಆಟ ಆಡಿದವರು ಸಂಜೆ 6.15ರಿಂದ ಸ್ನಾನ: 30 ಮಕ್ಕಳು, 5 ಸರದಿ, 50 ನಿಮಿಷ. ಕಲೆಯಲ್ಲಿದ್ದವರು ಆ ಹೊತ್ತಿಗೆ ಬಟ್ಟೆ ಒಗೆಯುತ್ತಾರೆ, ಮರುದಿನ ಬೆಳಿಗ್ಗೆ ಸ್ನಾನ ಮಾಡುತ್ತಾರೆ. 7.10ರಿಂದ 8.10 ಓದು, ಊಟ, 8.40ರಿಂದ 9.10 ಓದು, 20 ನಿಮಿಷ ಕಥೆ ಪುಸ್ತಕ ಅಥವಾ ಮನೆಗೆ ಫೋನು, 9.30ಕ್ಕೆ ದೀಪ ಆರಿಸುವುದು. ಏಳುವುದು 5.45. ನಿದ್ದೆ ಸವ್ವಾ ಎಂಟು ತಾಸು. 6.10ರಿಂದ 6.30, ಇಪ್ಪತ್ತು ನಿಮಿಷ, ಗಟ್ಟಿ ಓದು ಇಲ್ಲವೇ ರಿಯಾಜ್, ಅಂದರೆ ಸಂಗೀತದ ಅಭ್ಯಾಸ.

ಓದಿನ ವೇಳೆ 210 ನಿಮಿಷದಿಂದ 90ಕ್ಕೆ ಇಳಿದದ್ದು ಕಂಡು ಆಡಳಿತ ಮಂಡಳಿ ಗಾಬರಿಯಾಯಿತು. ಹತ್ತು ನಿಮಿಷದ ಎಣಿಕೆಯ ಕಾಗದ ಮುಂದಿಟ್ಟ ಮೇಲೆಯೇ ಒಪ್ಪಿದ್ದು. ಆ ಕಾಗದ ಇಲ್ಲದೆ ಈ ಬದಲಾವಣೆಗೆ ಕೈ ಹಾಕಬಾರದು. ಬಾಯಿಮಾತಿನಲ್ಲಿ ಇದು ಸೋಮಾರಿತನದ ವಾದದಂತೆ ಕೇಳಿಸುತ್ತದೆ.

ಹದಿನಾಲ್ಕು ಮಕ್ಕಳಿಗೆ ನಿಜವಾಗಿ ಏನು ಬರುತ್ತಿರಲಿಲ್ಲ

ಒಬ್ಬೊಬ್ಬರನ್ನೇ ಕರೆದು 15 ನಿಮಿಷ. ಎರಡು ಸಂಜೆಯಲ್ಲಿ ಮುಗಿಯುವ ಕೆಲಸ. ಮೊದಲು ಐದನೆಯ ತರಗತಿ ಕನ್ನಡ ಪುಸ್ತಕದ ಒಂದು ಪ್ಯಾರಾ ಗಟ್ಟಿಯಾಗಿ ಓದಿಸುವುದು, ಆಮೇಲೆ ಐದನೆಯ ತರಗತಿಯದೇ ಇಂಗ್ಲಿಷ್ ಪ್ಯಾರಾ. ಒಂದು ನಿಮಿಷದಲ್ಲಿ ಸರಿಯಾಗಿ ಓದಿದ ಪದ ಎಣಿಸಿ, ಓದಿದ್ದರ ಬಗ್ಗೆ ಮೂರು ಪ್ರಶ್ನೆ. ಉತ್ತರ ಕನ್ನಡದಲ್ಲೇ ಹೇಳಲಿ. ಪಠ್ಯಪುಸ್ತಕದಲ್ಲಿ ಬಾಯಿಪಾಠ ಆಗಿರುವ ಪಾಠ ಕೊಡಬಾರದು. ನಂತರ ಗಣಿತ: ಕೈಗಡ ತೆಗೆದುಕೊಳ್ಳುವ ಮೂರಂಕಿ ವ್ಯವಕಲನ, ಎರಡಂಕಿಯಿಂದ ಭಾಗಾಕಾರ, ಎರಡು ಭಿನ್ನರಾಶಿಗಳಲ್ಲಿ ದೊಡ್ಡದು ಯಾವುದು, ಮತ್ತು ಒಂದೇ ಮಾತಿನ ಲೆಕ್ಕ ಎರಡು ಸಲ, ಮೊದಲು ಇಂಗ್ಲಿಷಿನಲ್ಲಿ, ಅಂಕಿ ಬದಲಿಸಿ ಕನ್ನಡದಲ್ಲಿ.

ಈ ಕೊನೆಯ ಲೆಕ್ಕವೇ ಗುಟ್ಟು ಬಿಚ್ಚಿದ್ದು. 14ರಲ್ಲಿ 7 ಮಕ್ಕಳು ಕನ್ನಡದಲ್ಲಿ ಕೇಳಿದ ಲೆಕ್ಕವನ್ನು ಸರಾಗವಾಗಿ ಮಾಡಿದರು, ಇಂಗ್ಲಿಷಿನಲ್ಲಿ ಅದನ್ನೇ ತಪ್ಪಿದರು. ಎರಡು ತಿಂಗಳು ಅವರಿಗೆ ಗೊತ್ತಿದ್ದ ಗಣಿತವನ್ನೇ ಶಾಲೆ ಮತ್ತೆ ಕಲಿಸುತ್ತಿತ್ತು. ಇನ್ನು 4 ಮಕ್ಕಳಿಗೆ ಭಾಗಾಕಾರ ಮತ್ತು ಭಿನ್ನರಾಶಿ ಎರಡೂ ಭಾಷೆಯಲ್ಲಿ ಬರುತ್ತಿರಲಿಲ್ಲ. ಇವರದು ನಿಜವಾದ ಗಣಿತದ ತೊಡಕು. ಉಳಿದ ಮೂವರಲ್ಲಿ ಒಬ್ಬನಿಗೆ ಮೂರನೆಯ ಬೆಂಚಿನಿಂದ ಬೋರ್ಡೇ ಕಾಣುತ್ತಿರಲಿಲ್ಲ. ಒಬ್ಬಳು ಆ ವರ್ಷವೇ ಹೊಸದಾಗಿ ಸೇರಿ ಮನೆಯ ನೆನಪಿನಲ್ಲಿ ನಿದ್ದೆಗೆಟ್ಟವಳು. ಇನ್ನೊಬ್ಬನಿಗೆ ಕನ್ನಡವೂ ತಡವರಿಸುತ್ತಿತ್ತು: ಅಕ್ಷರ ಹಿಂದುಮುಂದು, ಓದಿದ ಸಾಲು ಮತ್ತೆ ಓದುವುದು. ಬಾಯಿಲೆಕ್ಕದಲ್ಲಿ ಮಾತ್ರ ಚುರುಕು.

ಇಂಗ್ಲಿಷಿನ ಗಣಿತ ಎಲ್ಲಿ ಎಡವಿಸುತ್ತದೆ ಎಂಬುದು ಶಿಕ್ಷಕರಿಗೇ ಬಹುಪಾಲು ಹೊಳೆದಿರುವುದಿಲ್ಲ. ‘15ರಲ್ಲಿ 7 ಕಳೆ’ ಎಂದಾಗ ಕೇಳಿದ ಕ್ರಮದಲ್ಲೇ ಬರೆದರೆ 15 − 7 ಆಗುತ್ತದೆ. ‘ಸಬ್‌ಟ್ರ್ಯಾಕ್ಟ್ 7 ಫ್ರಮ್ 15’ ಎಂಬುದನ್ನು ಕೇಳಿದ ಕ್ರಮದಲ್ಲಿ ಬರೆದರೆ 7 − 15. ಹುಡುಗನಿಗೆ ವ್ಯವಕಲನ ಬರುವುದಿಲ್ಲ ಎಂದು ಇಲ್ಲೇ ತೀರ್ಮಾನವಾಗುತ್ತದೆ. ಭಿನ್ನರಾಶಿಯಲ್ಲಿ ಇದೇ ಉಲ್ಟಾ. ಕನ್ನಡದಲ್ಲಿ ‘ನಾಲ್ಕರಲ್ಲಿ ಮೂರು’, ಛೇದ ಮೊದಲು. ಇಂಗ್ಲಿಷಿನಲ್ಲಿ ‘ತ್ರೀ ಫೋರ್ತ್ಸ್’, ಅಂಶ ಮೊದಲು. ಕಿವಿಯಲ್ಲಿ ಒಂದು, ಕೈಯಲ್ಲಿ ಇನ್ನೊಂದು. ಕಾಗದದ ಮೇಲೆ 4/3. ‘ಅಟ್ ಲೀಸ್ಟ್ 10’ ಎಂದರೆ ಲೀಸ್ಟ್ ಶಬ್ದ ಕೇಳಿ ‘ಹತ್ತಕ್ಕಿಂತ ಕಡಿಮೆ’ ಅಂದುಕೊಳ್ಳುವವರು ಒಂಬತ್ತನೆಯ ತರಗತಿಯಲ್ಲೂ ಸಿಗುತ್ತಾರೆ. ಪ್ರಾಡಕ್ಟ್, ಡಿಫರೆನ್ಸ್, ಪವರ್, ಮೀನ್, ವಾಲ್ಯೂಮ್, ಟೇಬಲ್: ಎಲ್ಲ ಕೇಳಿದ ಶಬ್ದಗಳೇ, ಗಣಿತದಲ್ಲಿ ಅರ್ಥ ಬೇರೆ. ವಾಲ್ಯೂಮ್ ಎಂದರೆ ಮೊಬೈಲಿನ ಸದ್ದು.

ಈ ಮಕ್ಕಳ ಕೈಯಲ್ಲಿ ಬಂಡವಾಳವೇನೂ ಕಡಿಮೆ ಇಲ್ಲ. ಪಾವು ಕಿಲೋ, ಸವ್ವಾ ಕಿಲೋ, ದೀಡ ತಾಸು ಎಂದು ದಿನಾ ಆಡುವವರು. ಸಂತೆಗೆ ಹೋಗಿ ಲೆಕ್ಕ ಮಾಡಿ ಬಂದವರು. ದೀಡ ಎಂದರೆ 3/2 ಎಂದು ಯಾರೂ ಅವರಿಗೆ ಜೋಡಿಸಿ ತೋರಿಸಿರಲಿಲ್ಲ, ಅಷ್ಟೇ.

ಬೆಂಬಲದ ವರ್ಗ

ಎಂಟು ವಾರ, ವಾರಕ್ಕೆ ನಾಲ್ಕು ದಿನ, 7.10ರಿಂದ 7.50, ಒಂದು ಗುಂಪಿನಲ್ಲಿ ಹೆಚ್ಚೆಂದರೆ ಏಳು ಮಕ್ಕಳು. ಸಂಗೀತ, ಆಟ, ಊಟ, ನಿದ್ದೆ ಯಾವುದನ್ನೂ ಮುಟ್ಟುವಂತಿಲ್ಲ. ಉಳಿದವರು ಹೋಮ್‌ವರ್ಕ್ ಮಾಡುವ ಹೊತ್ತಿಗೆ ಇವರು ಇಲ್ಲಿರುತ್ತಾರೆ. ಆದ್ದರಿಂದ ಇವರ ಹೋಮ್‌ವರ್ಕ್ ಅರ್ಧ ಮಾಡಲೇಬೇಕು, ವಿಷಯ ಶಿಕ್ಷಕರೆಲ್ಲ ಒಪ್ಪಿ ಸಹಿ ಹಾಕಬೇಕು. ಇದೊಂದು ತಪ್ಪಿದರೆ ದೀಪ ಆರಿದ ಮೇಲೆ ಬಚ್ಚಲಿನ ಬಲ್ಬಿನ ಕೆಳಗೆ ಕೂತು ಬರೆಯುತ್ತಾರೆ. ಹಾಸ್ಟೆಲ್ಲಿನಲ್ಲಿ ಇದು ಹೊಸ ದೃಶ್ಯವಲ್ಲ.

ಭಾಷೆಯ ಗುಂಪಿಗೆ ದಿನದ 40 ನಿಮಿಷ ಹೀಗೆ ಹಂಚಿತ್ತು: 10 ನಿಮಿಷ ಇಬ್ಬಿಬ್ಬರು ಕೂತು ಗಟ್ಟಿ ಓದು, 10 ನಿಮಿಷ ಐದು ಶಬ್ದ, 20 ನಿಮಿಷ ನಾಲ್ಕು ಮಾತಿನ ಲೆಕ್ಕ. ಲೆಕ್ಕಕ್ಕೆ ನಿಯಮ ಒಂದೇ: ಇಂಗ್ಲಿಷಿನಲ್ಲಿ ಓದು, ಕನ್ನಡದಲ್ಲಿ ಪಕ್ಕದವರಿಗೆ ಹೇಳು, ಅಂಕಿಯಲ್ಲಿ ಬರಿ, ಉತ್ತರ ಇಂಗ್ಲಿಷ್ ವಾಕ್ಯದಲ್ಲಿ ಬರಿ. ಎರಡನೆಯ ಹೆಜ್ಜೆ ಬಿಟ್ಟವರು ಮೂರನೆಯದರಲ್ಲಿ ಬಿದ್ದರು. ಗಣಿತದ ಗುಂಪಿನ ನಾಲ್ವರಿಗೆ ಕಾಗದ ಮಡಚಿ ಭಿನ್ನರಾಶಿ, ಹುಣಸೆಬೀಜ ಹಂಚಿ ಭಾಗಾಕಾರ, ಆಮೇಲೆಯೇ ಅಂಕಿ. ಎಂಟನೆಯ ತರಗತಿಯವರಿಗೆ ಬೀಜ ಎಣಿಸುವುದು ಅವಮಾನ ಅನಿಸದಿರಲು ಬಾಗಿಲು ಹಾಕಿಕೊಂಡ ಕೋಣೆ ಬೇಕಾಯಿತು.

ಕಣ್ಣಿನವನಿಗೆ ಕನ್ನಡಕ, ಮುಂದಿನ ಬೆಂಚು. ಅವನ ಪ್ರಕರಣ ಅಲ್ಲಿಗೆ ಮುಗಿಯಿತು. ಪ್ರತಿ ಜೂನಿನಲ್ಲಿ ಗೋಡೆಗೆ ಕಣ್ಣಿನ ತಖ್ತೆ ಹಾಕಿ 6 ಮೀಟರ್ ದೂರದಿಂದ ಓದಿಸಿದ್ದರೆ ಶುರುವೇ ಆಗುತ್ತಿರಲಿಲ್ಲ. ಮನೆಯ ನೆನಪಿನವಳಿಗೆ ವಾರಕ್ಕೆ ಎರಡು ಸಲ ಫೋನು, ಅದೂ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ. ಎರಡೂ ಭಾಷೆಯಲ್ಲಿ ತಡವರಿಸುವವನನ್ನು ಶಾಲೆ ತಾನೇ ‘ಡಿಸ್‌ಲೆಕ್ಸಿಯಾ’ ಎಂದು ಹೆಸರಿಡಬಾರದು. ಪಾಲಕರನ್ನು ಕರೆಸಿ ಮನಶ್ಶಾಸ್ತ್ರಜ್ಞರ ಬಳಿ ಕಳಿಸಬೇಕು. ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಸಂಸ್ಥೆ ಡಿಮ್ಹಾನ್ಸ್ ಇದೆ. ಡಿಸ್‌ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ, ಪ್ರಮಾಣಪತ್ರ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ವೇಳೆಯಂಥ ರಿಯಾಯಿತಿ ಕೇಳಬಹುದು. ಹತ್ತನೆಯ ತರಗತಿಯ ಜನವರಿಯಲ್ಲಿ ನೆನಪಾದರೆ ಕಾಗದಪತ್ರಕ್ಕೆ ವೇಳೆ ಸಾಲದು. ಎಂಟರಲ್ಲೇ ಶುರುವಾಗಬೇಕು.

ಕೆಟ್ಟದ್ದೂ ಇದೆ. ಮೊದಲ ವಾರ ಹೆಸರುಗಳನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ಎರಡೇ ದಿನದಲ್ಲಿ ಹಾಸ್ಟೆಲ್ಲಿನಲ್ಲಿ ಆ ಗುಂಪಿಗೆ ಅಡ್ಡಹೆಸರು ಬಿತ್ತು. ಒಬ್ಬ ಶಿಕ್ಷಕರು ಹಗಲಿನ ಪಾಠವನ್ನೇ ಇನ್ನಷ್ಟು ಜೋರಾಗಿ ಹೇಳುವುದನ್ನೇ ಬೆಂಬಲವೆಂದು ತಿಳಿದರು. ಅವರ ಜಾಗಕ್ಕೆ ಆರನೆಯ ತರಗತಿಯ ಶಿಕ್ಷಕಿ ಬಂದರು. ತಳದಿಂದ ಕಲಿಸುವುದು ಅವರಿಗೆ ದಿನದ ಕೆಲಸವೇ. ರಾತ್ರಿಯ ವರ್ಗಕ್ಕೆ ಬೇರೆ ಸಂಬಳ ಕೊಡದೆ ‘ಸೇವೆ’ ಎಂದು ಮಾಡಿಸಿದರೆ ಮೂರನೆಯ ವಾರಕ್ಕೆ ಗೈರುಹಾಜರಿ ಶಿಕ್ಷಕರದೇ ಹೆಚ್ಚು.

ಹೊರಬರುವ ಬಾಗಿಲು ಮೊದಲೇ ಗೊತ್ತಿರಬೇಕು. ಎಂಟನೆಯ ವಾರ ಮತ್ತೆ ಅದೇ 15 ನಿಮಿಷದ ಪರೀಕ್ಷೆ, ಬೇರೆ ಪ್ಯಾರಾ, ಬೇರೆ ಅಂಕಿ. ಭಾಷೆಯ ಏಳರಲ್ಲಿ ಐವರು, ಗಣಿತದ ನಾಲ್ವರಲ್ಲಿ ಮೂವರು ಹೊರಬಂದರು. ಉಳಿದವರಿಗೆ ಇನ್ನೆಂಟು ವಾರ.

ಇಂಗ್ಲಿಷಿನ ದಂಡ

ಈ ಶಾಲೆಯಲ್ಲೂ ಕ್ಯಾಂಪಸ್ಸಿನಲ್ಲಿ ಕನ್ನಡ ಮಾತಾಡಿದರೆ ದಂಡ ಇತ್ತು. ಕರ್ನಾಟಕದ ಶಾಲೆಗಳಲ್ಲಿ ಕನ್ನಡ ಕಲಿಸಲೇಬೇಕೆಂದು 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಹೇಳುತ್ತದೆ. ಅದೇ ಕನ್ನಡವನ್ನು ಜಗಲಿಯ ಮೇಲೆ ಆಡಿದರೆ ದಂಡ. ಪರಿಣಾಮ ಇಂಗ್ಲಿಷ್ ಹೆಚ್ಚಿದ್ದಲ್ಲ, ಮಾತು ಕಡಿಮೆಯಾದದ್ದು. ಆರನೆಯ ತರಗತಿಯ ಹೊಸ ಮಕ್ಕಳು ಜೂನ್-ಜುಲೈ ಪೂರ್ತಿ ಬಾಯಿ ಬಿಗಿದುಕೊಂಡಿರುತ್ತಿದ್ದರು. ದಂಡ ತೆಗೆದು, ಇಂಗ್ಲಿಷಿಗೆ ದಿನಕ್ಕೆ ಎರಡು ಗೊತ್ತಾದ ಹೊತ್ತು ಇಟ್ಟರು: ನಾಷ್ಟಾದ ಮೇಜು ಮತ್ತು ಆಟದ ಮೈದಾನ. ತಟ್ಟೆ, ಚಟ್ನಿ, ಚೆಂಡು ಕಣ್ಣೆದುರು ಇದ್ದಾಗ ತಪ್ಪು ಇಂಗ್ಲಿಷಿಗೂ ಅರ್ಥ ಹತ್ತುತ್ತದೆ.

ಇನ್ನೊಂದು ವಿಚಿತ್ರ. ಗ್ಯಾದರಿಂಗಿನ ವೇದಿಕೆಯಲ್ಲಿ ಲಾವಣಿಯನ್ನೋ ಗೀಗೀಪದವನ್ನೋ ಊರ ಮಾತಿನಲ್ಲಿ ಹಾಡಿದರೆ ಚಪ್ಪಾಳೆ. ಅದೇ ಹುಡುಗಿ ಕನ್ನಡ ತರಗತಿಯಲ್ಲಿ ‘ಬರಾಕತ್ತೇನ್ರಿ’ ಎಂದರೆ ತಿದ್ದುಪಡಿ. ಬರವಣಿಗೆಯಲ್ಲಿ ಗ್ರಂಥಭಾಷೆ ಕಲಿಯಲೇಬೇಕು, ಸರಿ. ಬಾಯಿಮಾತಿಗೂ ಕೆಂಪು ಪೆನ್ನು ಏಕೆ?

ಕಲೆಯ ವೇಳೆ ತುಂಬಿದ್ದು

ಒಂದು ಮಾತು ಮೊದಲೇ ಹೇಳಿಬಿಡಬೇಕು. ‘ಸಂಗೀತ ಕಲಿತರೆ ಗಣಿತ ಬರುತ್ತದೆ, ಕಸೂತಿ ಹಾಕಿದರೆ ಏಕಾಗ್ರತೆ ಬರುತ್ತದೆ’ ಎಂದು ಶಾಲೆಯ ಕರಪತ್ರದಲ್ಲಿ ಅಚ್ಚು ಹಾಕುವುದು ವ್ಯಾಪಾರದ ಮಾತು. ಹಾಗೆ ಹೇಳಿ ಮಾರಿದರೆ, ಅಂಕ ಬರದ ದಿನ ಸಂಗೀತವೇ ಮೊದಲು ಬಲಿ. ಮನಸೂರಿನ ಮಲ್ಲಿಕಾರ್ಜುನ ಮನಸೂರ (1910–1992), ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿ ಹಾನಗಲ್ಲ (1913–2009), ಯಲಿವಾಳದ ಬಸವರಾಜ ರಾಜಗುರು, ಗದಗ ಸೀಮೆಯ ಭೀಮಸೇನ ಜೋಶಿ (1922–2011): ಇಷ್ಟು ಜನ ಬಸ್ಸಿನ ದಾರಿಯಷ್ಟು ದೂರದಲ್ಲಿ ಹುಟ್ಟಿದ ನೆಲದಲ್ಲಿ ಓದುವ ಮಗು ಯಮನ್ ರಾಗ ಕೇಳದೆ ಹತ್ತನೆಯ ತರಗತಿ ದಾಟಬಾರದು. ಕಲಿಸಲು ಇಷ್ಟು ಕಾರಣ ಸಾಕು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಅಂಧರು, ಅಂಧ ಮಕ್ಕಳಿಗೆ ಊಟ-ವಸತಿಯ ಜೊತೆ ಸಂಗೀತವನ್ನೇ ಬದುಕಾಗಿ ಕೊಟ್ಟರು. ಅಲ್ಲಿ ಸಂಗೀತ ಬಿಡುವಿನ ವೇಳೆಯ ಬಾಬತ್ತಾಗಿರಲಿಲ್ಲ.

ತಬಲಾ ವರ್ಗದಲ್ಲಿ 12 ಮಕ್ಕಳು, 3 ಜೊತೆ. ಒಂದು ಜೊತೆಗೆ ನಾಲ್ವರು. ಒಬ್ಬರು ನುಡಿಸುವಾಗ ಉಳಿದವರು ಸುಮ್ಮನೆ ಕೂತರೆ ಮುಕ್ಕಾಲು ವರ್ಗ ವ್ಯರ್ಥ. ಆದ್ದರಿಂದ ಒಬ್ಬರ ಕೈ ತಬಲಾದ ಮೇಲೆ, ಒಬ್ಬರು ತೊಡೆಯ ಮೇಲೆ ಅದೇ ಬೋಲ್, ಒಬ್ಬರು ತಾಳ ಹಾಕುವವರು, ಒಬ್ಬರು ಬಾಯಲ್ಲಿ ಹೇಳುವವರು. ಐದು ನಿಮಿಷಕ್ಕೊಮ್ಮೆ ಅದಲುಬದಲು. ತೀನ್‌ತಾಲ್‌ನ 16 ಮಾತ್ರೆ, ಒಂಬತ್ತರ ಮೇಲೆ ಖಾಲಿ, ಚಪ್ಪಾಳೆಯ ಬದಲು ಕೈ ಬೀಸುವ ಮಾತ್ರೆ. ಖಾಲಿ ಎಲ್ಲಿದೆ ಎಂದು ಕೈ ಬೀಸಿ ತೋರಿಸಲು ಬಂದ ಮೇಲೆಯೇ ಬೆರಳು ಓಡಿಸಬೇಕು. ಎರಡನೆಯ ತಿಂಗಳಿಗೆ ಒಂದು ಸಣ್ಣ ತಿಹಾಯಿ, ಅಂದರೆ ಒಂದೇ ತುಣುಕು ಮೂರು ಸಲ: ‘ತಿಟ ಕತ ಗದಿ ಗನ ಧಾ’, ಐದು ಮಾತ್ರೆ, ನಡುವೆ ಒಂದೊಂದು ಮಾತ್ರೆ ಬಿಡುವು. 5 + 1 + 5 + 1 + 5, ಒಟ್ಟು 17. ಒಂದನೆಯ ಮಾತ್ರೆಯಿಂದ ಎತ್ತಿಕೊಂಡರೆ ಕೊನೆಯ ಧಾ ಸರಿಯಾಗಿ ಮುಂದಿನ ಸಮ್ ಮೇಲೆ, ಅಂದರೆ ತಾಳದ ಮೊದಲ ಮಾತ್ರೆಯ ಮೇಲೆ, ಬೀಳುತ್ತದೆ. ಹೀಗೆ ಬಿದ್ದಾಗ 12 ಮಕ್ಕಳೂ ಒಟ್ಟಿಗೆ ನಗುತ್ತಾರೆ.

ಧಾರವಾಡದ ಮಳೆಗಾಲ ತಬಲಾಕ್ಕೆ ಶತ್ರು. ಜೂನ್‌ನಿಂದ ಸೆಪ್ಟೆಂಬರ್ ತೇವಕ್ಕೆ ಚರ್ಮ ಸಡಿಲಾಗಿ ಸುರ ಇಳಿಯುತ್ತದೆ, ಮಕ್ಕಳು ಸುತ್ತಿಗೆ ಹಿಡಿದು ನಡುವಿನ ಕಪ್ಪು ಕರಣೆಯ ಮೇಲೆಯೇ ಬಡಿದು ಒಡೆಯುತ್ತಾರೆ. ಸುತ್ತಿಗೆ ಗುರುಗಳ ಚೀಲದಲ್ಲಿರಲಿ. ವಾದ್ಯ ಹೊರಗೋಡೆಗೆ ತಾಗದ ಕಪಾಟಿನಲ್ಲಿ, ದಪ್ಪ ಬಟ್ಟೆಯ ಗವಸಿನಲ್ಲಿರಲಿ. ಬೆವರಿದ ಕೈ ಒರೆಸಿಯೇ ಮುಟ್ಟಬೇಕು.

ಗಾಯನದಲ್ಲಿ ಬೇರೆ ತೊಂದರೆ. ಏಳು-ಎಂಟನೆಯ ತರಗತಿಯ ಹುಡುಗರ ಗಂಟಲು ಒಡೆಯುವ ಕಾಲ. ಹುಡುಗಿಯರ ಶ್ರುತಿಗೆ, ಹಾರ್ಮೋನಿಯಂನ ಕಪ್ಪು ನಾಲ್ಕು ಐದಕ್ಕೆ, ಅವರನ್ನೂ ಎಳೆದರೆ ಕಿರುಚುತ್ತಾರೆ, ನಗೆಪಾಟಲಾಗಿ ಸಂಗೀತವನ್ನೇ ಬಿಡುತ್ತಾರೆ. ಶ್ರುತಿ ಇಳಿಸಿ ಮಂದ್ರದಲ್ಲಿ ಮೆಲ್ಲಗೆ ಹಾಡಿಸಬೇಕು. ಆಗದಿದ್ದರೆ ಆ ಕೆಲವು ತಿಂಗಳು ಹಾರ್ಮೋನಿಯಂ, ತಾಳ. ವರ್ಗದಿಂದ ಹೊರಗೆ ಕಳಿಸಬಾರದು.

ಕಸೂತಿಗೆ ಊರಿನ ಒಬ್ಬ ಹಿರಿಯ ಹೆಣ್ಣುಮಗಳು ವಾರಕ್ಕೆರಡು ದಿನ ಬರುತ್ತಾರೆ. ಮಕ್ಕಳು ಅವರನ್ನು ಅಕ್ಕಾರ ಅನ್ನುತ್ತಾರೆ. ಅವರ ತಾಸಿನ ಗೌರವಧನ ಗಣಿತದ ಶಿಕ್ಷಕರದಷ್ಟೇ ಇರಬೇಕೆಂಬುದು ಮೊದಲ ಷರತ್ತು. ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆ, ಮೊಂಡು ತುದಿಯ ಸೂಜಿ, ಗ್ರಾಫ್ ಹಾಳೆ. ಮೊದಲು ಹಾಳೆಯ ಮೇಲೆ ಚಿಕ್ಕ ಗೋಪುರ ಬರೆದು ಮನೆ ಎಣಿಸಿ, ಆಮೇಲೆ ಬಟ್ಟೆ. ಗಾವಂತಿ ಹೊಲಿಗೆಯಿಂದ ಶುರು: ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುವುದು, ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಮುರ್ಗಿ ಆಮೇಲೆ, ನೇಗಿ ಮತ್ತು ಮೆಂತಿ ಇನ್ನೂ ಆಮೇಲೆ. ಹೆಚ್ಚು ಕೆಡುವುದು ಮರಳಿ ಬರುವ ದಾರಿ ಯೋಚಿಸದೆ ಹೊರಟಾಗ. ಕವಲಿನಲ್ಲಿ ಸಿಕ್ಕಿಕೊಂಡು ಹಿಂದೆ ಉದ್ದ ದಾರ ಎಳೆಯುತ್ತಾರೆ. ಅಕ್ಕಾರು ಬಟ್ಟೆ ತಿರುವಿ ನೋಡಿ, ಮಾತಾಡದೆ ಕತ್ತರಿ ಕೊಡುತ್ತಾರೆ. ಹುಡುಗರೂ ಕಲಿಯುತ್ತಾರೆ, ಮೊದಲ ತಿಂಗಳ ನಾಚಿಕೆ ದಾಟಿದರೆ ಅವರ ಎಣಿಕೆ ಚೊಕ್ಕ.

ಪ್ರವಾಸ ತಿಂಗಳಿಗೊಂದು ಶನಿವಾರ, ಒಂದೇ ಊರು, ಒಂದೇ ಪ್ರಶ್ನೆ. ಹಿಂದೆ ಒಂದೇ ದಿನದಲ್ಲಿ ಗದಗ, ಲಕ್ಕುಂಡಿ, ಡಂಬಳ, ಮಾಗಡಿ ಕೆರೆ ಎಲ್ಲ ಸುತ್ತಿಸಿ, ಮರುದಿನ ಹತ್ತು ಪುಟದ ವರದಿ ಬರೆಸುತ್ತಿದ್ದರು. 40 ವರದಿಗಳೂ ಒಂದೇ ವರದಿಯ ನಕಲು. ಈಗ ಡಂಬಳಕ್ಕೆ ಹೋಗುವ ಮುನ್ನ ಎರಡು ಅವಧಿ ತರಗತಿಯಲ್ಲಿ ಕೈವಾರ ಹಿಡಿದು ಒಂದು ಚೌಕವನ್ನು 15 ಡಿಗ್ರಿಯಂತೆ ತಿರುಗಿಸುತ್ತಾ ಆರು ಚೌಕ ಬರೆಯುತ್ತಾರೆ. 24 ಮೂಲೆಯ ನಕ್ಷತ್ರ ಮೂಡುತ್ತದೆ. ಆಮೇಲೆ ದೊಡ್ಡಬಸಪ್ಪ ಗುಡಿಯ ಗೋಡೆಯ ಮೂಲೆಗಳನ್ನು ಸುತ್ತುತ್ತಾ ಎಣಿಸಿದಾಗ, ಕಲ್ಲಿನಲ್ಲಿ ಇದನ್ನು ಮಾಡಿದವರ ಬಗ್ಗೆ ಭಾಷಣ ಬೇಕಾಗುವುದಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುವ ಖಾದಿ ಕೇಂದ್ರ ಇನ್ನೊಂದು ಶನಿವಾರದ್ದು. 6300 × 4200 ಮಿಲಿಮೀಟರಿನ ದೊಡ್ಡ ಧ್ವಜದಿಂದ 150 × 100ರ ಮೇಜಿನ ಧ್ವಜದವರೆಗೆ ಅನುಪಾತ 3:2 ತಪ್ಪುವುದಿಲ್ಲ.

ಹಬ್ಬದ ಪಂಚಾಂಗವನ್ನು ಶಾಲೆಯ ಕ್ಯಾಲೆಂಡರಿನ ಪಕ್ಕ ಇಡದಿದ್ದರೆ ಎರಡೂ ಕೆಡುತ್ತವೆ. ನಾಗರಪಂಚಮಿಗೆ ಅರ್ಧ ಹಾಸ್ಟೆಲ್ ಊರಿಗೆ ಹೋಗುತ್ತದೆ. ಉಂಡಿ, ಜೋಕಾಲಿ ಬಿಟ್ಟು ಎರಡು ದಿನ ತಡವಾಗಿಯೇ ಬರುತ್ತದೆ. ಅದರ ಮರುವಾರ ಪರೀಕ್ಷೆ ಇಡುವುದು ಗೊತ್ತಿದ್ದೂ ಬೀಳುವ ಹೊಂಡ. ಪರೀಕ್ಷೆ ಮುಂದೆ ಹೋಯಿತು, ರಜೆಗೆ ಒಂದೇ ಕೆಲಸ: ಅಜ್ಜಿಯಿಂದ ಎರಡು ಒಗಟು, ಒಂದು ಹಾಡು ಕೇಳಿ, ಆಕೆ ಆಡಿದ ಮಾತಿನಲ್ಲೇ ಬರೆದು ತರುವುದು. ಆ ಒಗಟುಗಳನ್ನು ಇಂಗ್ಲಿಷಿಗೆ ತರಲು ಹೆಣಗಿದ ಎರಡು ವಾರ ವ್ಯಾಕರಣದ ಪುಸ್ತಕ ಯಾರಿಗೂ ಬೇಕಾಗಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಒಂದು ಬುಟ್ಟಿ ಎರಿಮಣ್ಣು ತರಿಸಿ ಆರನೆಯ ತರಗತಿಯ ಮುಂದಿಟ್ಟರೆ ಸಾಕು. ಹೊಸದಾಗಿ ಮನೆ ಬಿಟ್ಟು ಬಂದವರು ಆ ಸಂಜೆ ಎತ್ತು ಮಾಡುತ್ತಾ ತಮ್ಮ ಮನೆಯ ಎತ್ತಿನ ಹೆಸರು ಹೇಳಿಕೊಳ್ಳುತ್ತಾರೆ.

ಆ ವರ್ಷದ ಗ್ಯಾದರಿಂಗ್

ಹೊರಗಿನಿಂದ ಡ್ಯಾನ್ಸ್ ಮಾಸ್ತರ್ ಇಲ್ಲ, ಬಾಡಿಗೆ ಬಟ್ಟೆ ಇಲ್ಲ. ತಾಲೀಮು ಎರಡೇ ವಾರ, ಅದೂ 5ರಿಂದ 6.15ರೊಳಗೆ, ತರಗತಿಯ ಅವಧಿ ಮುಟ್ಟುವಂತಿಲ್ಲ. ಪ್ರತಿ ತರಗತಿಗೆ 12 ನಿಮಿಷ, ಜೂನ್‌ನಿಂದ ಮಾಡಿದ್ದರಲ್ಲೇ ಆರಿಸಿಕೊಂಡದ್ದು. ಎಲ್ಲ ಮಕ್ಕಳೂ ವೇದಿಕೆ ಹತ್ತಬೇಕು. ಅತಿಥಿಗಳ ಭಾಷಣಕ್ಕೂ 12 ನಿಮಿಷ ಎಂದು ಬರೆದಿತ್ತು, ಅದೊಂದು ಪಾಲನೆಯಾಗಲಿಲ್ಲ.

ಪಾಲಕರಲ್ಲಿ ಹಲವರು ‘ಈ ಸಲ ಸಪ್ಪಗಾತು ಬಿಡ್ರಿ’ ಅಂದರು. ಲೈಟು, ಹೊಗೆ, ಸಿನಿಮಾ ಹಾಡಿನ ಅಬ್ಬರ ಇರಲಿಲ್ಲ ನಿಜ. ಅದಕ್ಕೆ ಉತ್ತರ ಕೊಡುವ ಗೋಜಿಗೆ ಶಾಲೆ ಹೋಗಲಿಲ್ಲ. ಬೆಂಬಲದ ವರ್ಗದಲ್ಲಿದ್ದ ಮಕ್ಕಳ ಪಾಲಕರಿಗೆ ಮಾತ್ರ ಆ 15 ನಿಮಿಷದ ಪರೀಕ್ಷೆಯ ಮೊದಲಿನ ಮತ್ತು ನಂತರದ ಎರಡು ಓದಿನ ಹಾಳೆಗಳನ್ನು ಕೈಗೆ ಕೊಟ್ಟರು.

ಎರಡು ಗಂಟು ಉಳಿದಿವೆ. ನವೆಂಬರಿನಲ್ಲಿ ತಬಲಾ ಗುರುಗಳು ಬೇರೆ ಕಡೆ ಹೋದರು. ಒಂದೇ ವಾರದಲ್ಲಿ ಆ ವೇಳೆಯ ಮೇಲೆ ವಿಜ್ಞಾನ ವಿಭಾಗದ ಕಣ್ಣು ಬಿತ್ತು. ಗುರು ಇಲ್ಲದಿದ್ದರೂ ವೇಳೆ ಇರಲಿ ಎಂದು ಹಿಡಿದು, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಲೆಹರಾ (ತಾಳ ಹಿಡಿದು ತೋರುವ ಸುತ್ತುವ ಸ್ವರಸಾಲು) ಹಾಕಿಕೊಂಡು ತಬಲಾದ ಹಳೆಯ ಕಾಯದಾ ಪಾಠಗಳನ್ನೇ ನುಡಿಸಿದಳು, ಆರು ವಾರ. ಹತ್ತನೆಯ ತರಗತಿಯದು ಇನ್ನೂ ಕಗ್ಗಂಟು. 625 ಅಂಕದ ಪರೀಕ್ಷೆ ಎದುರಿಗಿದ್ದಾಗ ಸಂಜೆಯ ಕಲೆಯ ವೇಳೆ ಅವರಿಗೆ ಕೊಡಲು ಆಡಳಿತ ಮಂಡಳಿ ಜನವರಿಯ ನಂತರ ಒಪ್ಪಲಿಲ್ಲ. ಸಿಕ್ಕಿದ್ದು ಬೆಳಗಿನ 20 ನಿಮಿಷ ಮಾತ್ರ.

ಆ 20 ನಿಮಿಷಕ್ಕೆ ಆಫೀಸು ತೆರೆದಿರುವುದಿಲ್ಲ. ಆದ್ದರಿಂದ ತಬಲಾ ಕೋಣೆಯ ಬೀಗದ ಕೈ ಈಗ ಹಾಸ್ಟೆಲ್ ಬಾಗಿಲ ಪಕ್ಕದ ಮೊಳೆಗೆ ತೂಗುತ್ತದೆ. ಕೆಳಗೊಂದು ನೋಟ್‌ಬುಕ್ಕು: ತೆಗೆದವರ ಹೆಸರು, ತೆಗೆದ ಹೊತ್ತು, ಇಟ್ಟ ಹೊತ್ತು.